ಅಳತೆ ಬರೆಯದ ಎಸ್ಟಿಮೇಟು

ಕಾರು ಸರ್ವಿಸ್‌ಗೆ ಬಿಟ್ಟಾಗ ಕೈಗೆ ಬರುವ ಎಸ್ಟಿಮೇಟ್ ಹಾಳೆಯನ್ನು ಹೆಚ್ಚಿನವರು ಕೆಳಗಿನಿಂದ ಓದುತ್ತಾರೆ. ಒಟ್ಟು ಮೊತ್ತ ನೋಡುತ್ತಾರೆ, ಸ್ವಲ್ಪ ಚೌಕಾಸಿ ಮಾಡುತ್ತಾರೆ, ಸಹಿ ಹಾಕುತ್ತಾರೆ. ಅದನ್ನೇ ಒಂದು ಬರಹವೆಂದುಕೊಂಡು ಮೇಲಿನಿಂದ ಸಾಲು ಸಾಲಾಗಿ ಓದಿದರೆ ಅದರ ದೊಡ್ಡ ದೋಷ ಕಣ್ಣಿಗೆ ಬೀಳುತ್ತದೆ. ಏನು ಬದಲಿಸಬೇಕು, ಎಷ್ಟಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಯಾಕೆ ಬದಲಿಸಬೇಕು ಎಂದು ಎಲ್ಲೂ ಬರೆದಿರುವುದಿಲ್ಲ.

ಅಂಕೋಲೆಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಸಣ್ಣ ಪೆಟ್ರೋಲ್ ಕಾರಿನ 40,000 ಕಿಲೋಮೀಟರ್ ಸರ್ವಿಸ್‌ನ ಎಸ್ಟಿಮೇಟನ್ನು ನನಗೆ ಓದಲು ಕೊಟ್ಟರು. ಮೊದಲಿಗೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್. ಅದರ ಕೆಳಗೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎ.ಸಿ. ಡಿಸಿನ್ಫೆಕ್ಟೆಂಟ್, ಎಂಜಿನ್ ಡ್ರೆಸ್ಸಿಂಗ್, ಅಂಡರ್‌ಬಾಡಿ ಆ್ಯಂಟಿ ರಸ್ಟ್ ಕೋಟಿಂಗ್. ಕೊನೆಗೆ ಮುಂದಿನ ಬ್ರೇಕ್ ಪ್ಯಾಡ್, ಬ್ರೇಕ್ ಡಿಸ್ಕ್. ಎಲ್ಲವೂ ಒಂದೇ ಅಕ್ಷರದಲ್ಲಿ, ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೊಂದು. ಆದರೆ ಇಲ್ಲಿ ಮೂರು ಕಡೆಯ ಮಾತು ಬೆರೆತಿದೆ. ಮೊದಲ ನಾಲ್ಕು ಕಾರು ತಯಾರಿಸಿದ ಕಂಪನಿಯ ಕೈಪಿಡಿಯಿಂದ ಬಂದವು. ನಡುವಿನ ಐದು ಡೀಲರನ ಮಾರಾಟದ ಪಟ್ಟಿಯಿಂದ ಬಂದವು. ಕೊನೆಯ ಎರಡು ಮಾತ್ರ ಈ ಕಾರನ್ನು ಯಾರೋ ಎತ್ತಿ ನೋಡಿ ಹೇಳಿದ ಮಾತು, ಅದೂ ನಿಜವಾಗಿ ನೋಡಿದ್ದರೆ. ಕಂಪನಿಯ ಮಾತಿಗೆ ಇರುವ ತೂಕವನ್ನು ಡೀಲರನ ಸರಕಿಗೂ ದಾಟಿಸುವುದೇ ಈ ಪಟ್ಟಿಯ ಕೆಲಸ. ಓದುವವರಿಗೆ ಎಲ್ಲವೂ ‘ಕಂಪನಿ ಹೇಳಿದ್ದು’ ಎಂದೇ ಅನಿಸುತ್ತದೆ.

ರಕ್ತ ಪರೀಕ್ಷೆಯ ವರದಿಯಲ್ಲಿ ನಿಮ್ಮ ಸಕ್ಕರೆ ಎಷ್ಟಿದೆ, ಸಾಮಾನ್ಯವಾಗಿ ಎಷ್ಟಿರಬೇಕು ಎಂಬ ಎರಡೂ ಅಂಕಿ ಅಕ್ಕಪಕ್ಕ ಇರುತ್ತವೆ. ಕಾರಿನ ವಿಷಯದಲ್ಲೂ ಇದು ಕಷ್ಟವೇನಲ್ಲ. ಹೊಸ ಬ್ರೇಕ್ ಪ್ಯಾಡಿನ ದಪ್ಪ ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು. 2-3 ಮಿಲಿಮೀಟರಿಗೆ ಬಂದಾಗ ಬದಲಿಸುತ್ತಾರೆ. ಡಿಸ್ಕ್ ಎಷ್ಟರವರೆಗೆ ಸವೆಯಬಹುದು ಎಂಬ ಕನಿಷ್ಠ ದಪ್ಪವನ್ನು ಬಹಳಷ್ಟು ಡಿಸ್ಕುಗಳ ಮೇಲೆಯೇ ಅಚ್ಚು ಒತ್ತಿರುತ್ತಾರೆ. ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಆರೋಗ್ಯವಾಗಿರುವ ಬ್ಯಾಟರಿ ಎಂಜಿನ್ ಬಂದ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಈ ಪ್ರತಿಯೊಂದನ್ನೂ ಅಳೆಯುವ ಉಪಕರಣ ಸರ್ವಿಸ್ ಸೆಂಟರಿನಲ್ಲಿ ಇದೆ, ಅಳೆಯಲು ಬೇಕಾಗುವುದು ಕೆಲವೇ ನಿಮಿಷ. ಆದರೂ ಶಿಕ್ಷಕರ ಹಾಳೆಯಲ್ಲಿ ‘ಪ್ಯಾಡ್ ವೋರ್ನ್ ಔಟ್’ ಎಂದಷ್ಟೇ ಇದೆ. ಎಷ್ಟು ಸವೆದಿದೆ, ಎಷ್ಟು ಉಳಿದಿದೆ? ಅಂಕಿ ಇಲ್ಲದ ಇಂಥ ಸಾಲನ್ನು ಸಲಹೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಶಿಕ್ಷಕರಲ್ಲಿ ಒಪ್ಪಿಗೆ ಕೇಳಿದ ರೀತಿಯನ್ನೂ ನೋಡಬೇಕು. ಅಂಕೋಲೆಯವರು ಬೆಳಿಗ್ಗೆ ಕಾರವಾರಕ್ಕೆ ಹೋಗಿ ಕಾರು ಬಿಟ್ಟು ಬಸ್ಸು ಹತ್ತುತ್ತಾರೆ. ಬಸ್ಸು ಬಿಣಗಾ, ಅಮದಳ್ಳಿ ದಾಟಿ ಅವರ್ಸಾ ಮುಟ್ಟುವಷ್ಟರಲ್ಲಿ ಫೋನ್ ಬರುತ್ತದೆ. “ಸರ್, ಫೋಟೋ ಕಳ್ಸಿದ್ದೇನೆ ನೋಡಿ. ಡಿಸ್ಕ್ ಪೂರ್ತಿ ತುಕ್ಕು ಹಿಡಿದದೆ. ಚೇಂಜ್ ಮಾಡ್ಲಿಕ್ಕೇ ಬೇಕು.” ಬಸ್ಸಿನ ಗಲಾಟೆಯಲ್ಲಿ ಕೂತವರು ಏನು ಹೇಳಲು ಸಾಧ್ಯ? “ಹಾಗಾರೆ ಮಾಡು ತಮ್ಮಾ” ಎನ್ನುತ್ತಾರೆ. ಆ ಫೋಟೋವನ್ನು ನಾನೂ ನೋಡಿದೆ. ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತೆಳುವಾದ ತುಕ್ಕು ಇತ್ತು, ನಿಜ. ಬ್ರೇಕ್ ಡಿಸ್ಕು ಬೀಡುಕಬ್ಬಿಣದ್ದು. ಕಾರವಾರದ ಮಳೆಗಾಲದಲ್ಲಿ ಕಾರು ತೊಳೆದು ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಇಂಥ ತುಕ್ಕು ಏಳುತ್ತದೆ. ರಸ್ತೆಗಿಳಿದು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಪ್ಯಾಡ್ ಉಜ್ಜಿ ಅದು ಹೋಗಿಬಿಡುತ್ತದೆ. ಡಿಸ್ಕ್ ಬದಲಿಸಬೇಕಾಗುವುದು ಕನಿಷ್ಠ ದಪ್ಪಕ್ಕಿಂತ ಸವೆದಾಗ, ಆಳವಾದ ಗೀರು ಬಿದ್ದಾಗ, ಬಿರುಕು ಬಿಟ್ಟಾಗ, ಬ್ರೇಕ್ ಒತ್ತಿದರೆ ಪೆಡಲ್ ನಡುಗುವಷ್ಟು ವಕ್ರವಾದಾಗ. ಈ ನಾಲ್ಕರಲ್ಲಿ ಒಂದನ್ನೂ ಆ ಫೋಟೋ ತೋರಿಸುತ್ತಿರಲಿಲ್ಲ. ಫೋಟೋ ಸುಳ್ಳಲ್ಲದ ಕಾರಣಕ್ಕೇ ಅದು ಹೆಚ್ಚು ಅಪಾಯಕಾರಿ. ಕಣ್ಣಾರೆ ಕಂಡ ತುಕ್ಕನ್ನು ಯಾರು ಅಲ್ಲಗಳೆಯುತ್ತಾರೆ?

ನಮ್ಮ ಕಡೆಯಲ್ಲಿ ಈ ವಿಷಯವನ್ನು ಬೆಂಗಳೂರಿನವರಂತೆ ‘ಎಲ್ಲಾ ಲೂಟಿ’ ಎಂದು ಒಂದೇ ಮಾತಿನಲ್ಲಿ ಮುಗಿಸಲು ಆಗುವುದಿಲ್ಲ. ಇಲ್ಲಿ ಹೆದರಿಕೆಗೆ ಆಧಾರವಿದೆ. ಉಪ್ಪು ಗಾಳಿ ಇದೆ, ತಿಂಗಳುಗಟ್ಟಲೆ ಬಿಡದ ಮಳೆ ಇದೆ, ಹುಬ್ಬಳ್ಳಿಗೆ ಹೋಗಬೇಕೆಂದರೆ ಅರಬೈಲ್ ಘಟ್ಟ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ನೀರಿನಂಶ ಹೆಚ್ಚಿದಂತೆ ಅದು ಕುದಿಯುವ ಉಷ್ಣಾಂಶ ಇಳಿಯುತ್ತದೆ. ಯಲ್ಲಾಪುರದಿಂದ ಅಂಕೋಲೆಯತ್ತ ಘಟ್ಟ ಇಳಿಯುವಾಗ ಲಾರಿಗಳ ಹಿಂದೆ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕಾದು ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗಬಹುದು. ಆದ್ದರಿಂದ ಹೆಚ್ಚಿನ ಕೈಪಿಡಿಗಳು ಹೇಳುವಂತೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು ಕರಾವಳಿಯಲ್ಲಿ ತಪ್ಪಿಸಬಾರದ ಕೆಲಸ. ಆ ಹಾಳೆಯ ಈ ಸಾಲನ್ನು ನಾನು ಪೂರ್ತಿ ಸಮರ್ಥಿಸುತ್ತೇನೆ. ಅದರ ಬೆಲೆಯೂ ಪಟ್ಟಿಯಲ್ಲೇ ಕಡಿಮೆ ಇರುವವುಗಳಲ್ಲಿ ಒಂದು. ಅದನ್ನು ಮಾರಲು ಯಾರೂ ಫೋನ್ ಮಾಡುವುದಿಲ್ಲ.

ಆ್ಯಂಟಿ ರಸ್ಟ್ ಕೋಟಿಂಗ್ ವಿಷಯ ಹೆಚ್ಚು ಜಟಿಲ. ಕೋಡಿಬಾಗದಲ್ಲಿ, ಬೈತಖೋಲದಲ್ಲಿ, ಬೇಲೆಕೇರಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಕಾರು ನಿಲ್ಲಿಸುವವರಿಗೆ ತುಕ್ಕು ದಿನನಿತ್ಯದ ಸತ್ಯ. ಆದರೆ ಕೋಟಿಂಗ್ ಕೆಲಸ ಮಾಡುವುದು ಸರಿಯಾಗಿ ಹಾಕಿದರೆ ಮಾತ್ರ. ತಳವನ್ನು ಒತ್ತಡದ ನೀರಿನಲ್ಲಿ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ಇರುವ ತುಕ್ಕನ್ನು ಉಜ್ಜಿ ತೆಗೆಯಬೇಕು, ಸೈಲೆನ್ಸರ್ ಮತ್ತು ಬ್ರೇಕಿನ ಭಾಗಗಳನ್ನು ಮುಚ್ಚಬೇಕು, ಆಮೇಲೆ ಸಿಂಪಡಿಸಬೇಕು. ಜುಲೈ ತಿಂಗಳಲ್ಲಿ, ಸರ್ವಿಸ್ ಮುಗಿಸಿ ಸಂಜೆಯೊಳಗೆ ಕೊಡಬೇಕಾದ ಕಾರಿಗೆ ಇದೆಲ್ಲ ಆಗುವ ಮಾತಲ್ಲ. ಒದ್ದೆಯ ಮೇಲೆ, ಕೆಸರಿನ ಮೇಲೆ ಕಪ್ಪು ಪದರ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ತುಕ್ಕು ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ಕಾರ್ಖಾನೆಯಿಂದಲೇ ತಳಕ್ಕೆ ರಕ್ಷಣೆಯ ಪದರ ಹಾಕಿಸಿಕೊಂಡು ಬರುವ ಕಾರುಗಳೂ ಬಹಳ. ಮಾಡಿಸುವುದಿದ್ದರೆ ಏಪ್ರಿಲ್-ಮೇ ತಿಂಗಳಲ್ಲಿ, ಎರಡು ದಿನ ಕಾರು ಬಿಟ್ಟು, ಎದುರು ನಿಂತು ಮಾಡಿಸಬೇಕು. ನಮ್ಮ ಕಡೆಯ ಕಾರು ಹೆಚ್ಚು ಕೊಳೆಯುವುದು ಬಾಗಿಲಿನ ತಳದಲ್ಲಿ. ಅಲ್ಲಿ ನೀರು ಇಳಿದುಹೋಗಲು ಬಿಟ್ಟ ಸಣ್ಣ ತೂತುಗಳು ಮಣ್ಣು, ತರಗೆಲೆ ತುಂಬಿ ಮುಚ್ಚಿಹೋಗುತ್ತವೆ. ಅವನ್ನು ಬಿಡಿಸುವುದು, ವಾರಕ್ಕೊಮ್ಮೆ ತಳಕ್ಕೆ ಸಿಹಿನೀರು ಹೊಡೆಯುವುದು, ಇವೆರಡೂ ಯಾವ ಎಸ್ಟಿಮೇಟಿನಲ್ಲೂ ನಾನು ಕಂಡಿಲ್ಲ. ಬೇಕಾದ ಕೆಲಸ ಪಟ್ಟಿಯಿಂದ ಹೊರಗುಳಿಯುವುದು ಬೇಡದ ಕೆಲಸ ಒಳಸೇರುವಷ್ಟೇ ದೊಡ್ಡ ತಪ್ಪು.

ಉಳಿದವನ್ನು ಬೇಗ ಮುಗಿಸಬಹುದು. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಕಾರಿಗೆ ಎಂಜಿನ್ ಫ್ಲಶ್ ಬೇಕೆಂದು ಕೈಪಿಡಿಯಲ್ಲಿ ಹುಡುಕಿ, ಸಿಗುವುದು ಅಪರೂಪ. ಇಂಜೆಕ್ಟರ್ ಕ್ಲೀನಿಂಗ್ ಬೇಕಾಗುವುದು ಎಂಜಿನ್ ಮಿಸ್ ಆಗುತ್ತಿದ್ದರೆ, ಮೈಲೇಜ್ ಬಿದ್ದಿದ್ದರೆ. ಎಂಜಿನ್ ಡ್ರೆಸ್ಸಿಂಗ್ ಎಂದರೆ ಹೊಳಪು, ಅಷ್ಟೇ. ಎ.ಸಿ. ವಾಸನೆ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಕ್ಯಾಬಿನ್ ಫಿಲ್ಟರನ್ನು. ಅನೇಕ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸಿನ ಹಿಂದೆ ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಇನ್ನು ಸರ್ವಿಸ್ ಸೆಂಟರುಗಳಲ್ಲಿ ಕೇಳಿಬರುವ ‘ಕ್ಲಚ್ 70 ಪರ್ಸೆಂಟ್ ಸವೆದಿದೆ’ ಎಂಬ ಮಾತು. ಗೇರ್‌ಬಾಕ್ಸ್ ಇಳಿಸದೆ ಕ್ಲಚ್ ಪ್ಲೇಟಿನ ದಪ್ಪ ಅಳೆಯಲು ಬರುವುದಿಲ್ಲ. ಏರಿನಲ್ಲಿ ಎಂಜಿನ್ ಕೂಗಿದರೂ ಕಾರು ಎಳೆಯದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ ಎಂದು ಹೇಳಬಹುದು, ಪರ್ಸೆಂಟ್ ಹೇಳಲಾಗದು. ಅಳೆಯಬಹುದಾದದ್ದಕ್ಕೆ ಅಂಕಿ ಕೊಡದೆ ಅಳೆಯಲಾಗದ್ದಕ್ಕೆ ಅಂಕಿ ಕೊಡುವ ಅಭ್ಯಾಸ ಇದು.

ಹಾಗೆಂದು ಫೋನ್ ಮಾಡಿದ ಹುಡುಗನನ್ನು ಕಳ್ಳ ಎನ್ನಲು ನನಗೆ ಮನಸ್ಸಿಲ್ಲ. ಸರ್ವಿಸ್ ಅಡ್ವೈಸರ್‌ಗೆ ತಿಂಗಳ ಟಾರ್ಗೆಟ್ ಇರುವುದು, ಕ್ಲೀನಿಂಗ್-ಕೋಟಿಂಗ್‌ಗಳಂಥ ‘ವ್ಯಾಲ್ಯೂ ಆ್ಯಡೆಡ್ ಸರ್ವಿಸ್’ ಮಾರಿದಷ್ಟೂ ಇನ್ಸೆಂಟಿವ್ ಸಿಗುವುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಇದರ ಫಲ ಏನೆಂದು ಅಮೆರಿಕ 1992ರಲ್ಲೇ ಕಂಡಿದೆ. ಸಿಯರ್ಸ್ ಎಂಬ ದೊಡ್ಡ ಕಂಪನಿಯ ಆಟೋ ಸೆಂಟರುಗಳಿಗೆ ಕ್ಯಾಲಿಫೋರ್ನಿಯಾದ ಸರಕಾರಿ ತನಿಖಾಧಿಕಾರಿಗಳು ಗ್ರಾಹಕರ ವೇಷದಲ್ಲಿ 38 ಸಲ ಕಾರು ಒಯ್ದರು; 34 ಸಲ ಬೇಡದ ರಿಪೇರಿಯನ್ನು ತಲೆಗೆ ಕಟ್ಟಲಾಗಿತ್ತು. ಆಗ ಕಂಪನಿ ಕಿತ್ತುಹಾಕಿದ್ದು ಸಿಬ್ಬಂದಿಗೆ ಕೊಡುತ್ತಿದ್ದ ಕಮಿಷನ್ ಪದ್ಧತಿಯನ್ನು. ರಿಪೇರಿ ಮಾಡಿಸಿಕೊಂಡ ಮೇಲೂ ಅದು ಬೇಕಿತ್ತೋ ಇಲ್ಲವೋ ಎಂದು ಗ್ರಾಹಕನಿಗೆ ತಿಳಿಯದ ಈ ಸ್ಥಿತಿಯನ್ನು ಡಾರ್ಬಿ ಮತ್ತು ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಷ್ಟು ಹಿಂದೆಯೇ ವಿಶ್ಲೇಷಿಸಿದ್ದರು. ಪರೀಕ್ಷೆ ಮಾಡುವವರೇ ರಿಪೇರಿಯನ್ನೂ ಮಾರುವಲ್ಲಿ ಈ ತೊಡಕು ಹುಟ್ಟುತ್ತದೆ. ಶಿಕ್ಷಕರ ಕಾರು ಹೊಸ ಪ್ಯಾಡು, ಡಿಸ್ಕು ಹಾಕಿಸಿಕೊಂಡು ಬಂದ ಮೇಲೆ ಚೆನ್ನಾಗಿಯೇ ಓಡುತ್ತಿದೆ. ಹಳೆಯದರಲ್ಲೂ ಹೀಗೇ ಓಡುತ್ತಿತ್ತೇ ಎಂಬುದನ್ನು ಈಗ ಯಾರೂ ಹೇಳಲಾರರು.

ದೊಡ್ಡ ಊರಿನಲ್ಲಿ ಒಬ್ಬರ ಮೇಲೆ ಅನುಮಾನ ಬಂದರೆ ಅದೇ ಕಂಪನಿಯ ಇನ್ನೊಬ್ಬ ಡೀಲರನ ಬಳಿ ಹೋಗಬಹುದು. ನಮಗೆ ಇನ್ನೊಬ್ಬ ಎಂದರೆ ಬಹಳ ಸಲ ಗೋವಾದ ಮಡಗಾಂವ್, ಇಲ್ಲವೇ ಹುಬ್ಬಳ್ಳಿ. ಎರಡನೇ ಅಭಿಪ್ರಾಯಕ್ಕೆ ಒಂದು ದಿನವೇ ಹೋಗುತ್ತದೆ. ಜೊತೆಗೆ ‘ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ’ ಎಂಬ ಮಾತನ್ನು ಕೌಂಟರಿನಲ್ಲಿ ಇಂದಿಗೂ ಹೇಳುತ್ತಾರೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದಾಗ ಈ ಮಾತನ್ನೂ ಪರಿಶೀಲಿಸಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕಬಾರದು, ಅಲ್ಲಿನ ತಪ್ಪು ಕೆಲಸದಿಂದ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. ಕಂಪನಿಗಳು ಆದೇಶವನ್ನು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದವು. ಆದರೂ ಆ ತರ್ಕ ನ್ಯಾಯವಾದದ್ದು, ಕೌಂಟರಿನ ಮುಂದೆ ನಿಂತವರು ಅದನ್ನು ತಿಳಿದಿರಬೇಕು.

ಇನ್ನು ಹೆದ್ದಾರಿ ಬದಿಯ ಗ್ಯಾರೇಜುಗಳು. ಅಲ್ಲಿ ಒಂದು ಒಳ್ಳೆಯ ಪದ್ಧತಿ ಉಳಿದಿದೆ: ಬಿಚ್ಚಿದ ಭಾಗವನ್ನು ಕೈಗೇ ಕೊಟ್ಟು ಎಲ್ಲಿ ಸವೆದಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಆದರೆ ಬಿಲ್ ಕೊಡುವುದಿಲ್ಲ, ಹಾಕಿದ ಭಾಗ ಅಸಲಿಯೋ ನಕಲಿಯೋ ಎಂಬುದಕ್ಕೆ ದಾಖಲೆ ಇರುವುದಿಲ್ಲ. ಕೇಳಿದವರಿಗೂ ಬಿಲ್ ಕೊಡದಿರುವುದು ಗ್ರಾಹಕ ಕಾನೂನಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಂಬಿಕೆಯ ಮೇಲೆ ನಡೆಯುವ ಆ ವ್ಯವಹಾರವನ್ನು ಹೊಗಳಿ ಈ ದೋಷವನ್ನು ಬಿಟ್ಟುಕೊಡಲಾಗದು.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥ ಗಡಿಯ ಊರಿನವರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ರಿಪೇರಿ ಆದದ್ದು ಮಡಗಾಂವ್‌ನಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಅಂಕೋಲೆಯವರು ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಈ ಕಾಯ್ದೆ ಸೇವಾ ನ್ಯೂನತೆ ಎನ್ನುತ್ತದೆ. ಆಯೋಗದವರೆಗೆ ಹೋಗುವ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಎಲ್ಲಿಗೆ ಹೋದರೂ ಆಧಾರವಾಗಿ ಬೇಕಾಗುವುದು ಜಾಬ್ ಕಾರ್ಡ್, ಎಸ್ಟಿಮೇಟ್, ಅಂತಿಮ ಬಿಲ್, ವಾಟ್ಸ್ಆ್ಯಪ್‌ಗೆ ಬಂದ ಫೋಟೋ ಮತ್ತು ಬದಲಿಸಿದ ಹಳೆಯ ಭಾಗ. ಆದ್ದರಿಂದ ಬೆಳಿಗ್ಗೆ ಕಾರು ಬಿಡುವಾಗಲೇ ಜಾಬ್ ಕಾರ್ಡಿನ ಮೇಲೆ ಅಡ್ವೈಸರ್ ಕೈಯಲ್ಲೇ ಎರಡು ಸಾಲು ಬರೆಯಿಸಿಕೊಳ್ಳಬೇಕು: ಅಳತೆ ಬರೆದು ತಿಳಿಸಿ ಒಪ್ಪಿಗೆ ಪಡೆಯದೆ ಯಾವ ಭಾಗವನ್ನೂ ಬದಲಿಸಬಾರದು, ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಟ್ಟು ಕೊಡಬೇಕು.