ಜನಸಂಖ್ಯೆಯೂ ತಲಾ ವರಮಾನವೂ: ಕೋಲ್–ಹೂವರ್ ಗ್ರಂಥದ ವಿಮರ್ಶೆ

ಜನಸಂಖ್ಯೆಯ ವೃದ್ಧಿಗೂ ದೇಶದ ಆರ್ಥಿಕೋನ್ನತಿಗೂ ಇರುವ ಸಂಬಂಧವನ್ನು ಕುರಿತು ಆನ್ಸ್ಲಿ ಕೋಲ್ ಮತ್ತು ಎಡ್ಗರ್ ಹೂವರ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ರಚಿಸಿದ ಗ್ರಂಥವು ೧೯೫೮ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಪ್ರಕಟವಾಯಿತು. ಅದರ ಮುಖ್ಯ ವಸ್ತು ಭಾರತವೇ. ಮೆಕ್ಸಿಕೋ ದೇಶದ ಲೆಕ್ಕವು ಹೋಲಿಕೆಗಾಗಿ ಬಂದಿರುವುದು. ನಮ್ಮ ದೇಶದ ವಿಷಯವಾಗಿ ಇಷ್ಟು ಪ್ರಭಾವವನ್ನು ಬೀರಿದ ಅರ್ಥಶಾಸ್ತ್ರಗ್ರಂಥಗಳು ವಿರಳ. ಇಷ್ಟು ಅಜಾಗರೂಕತೆಯಿಂದ ಓದಲ್ಪಟ್ಟವೂ ವಿರಳವೆಂದೇ ನಮ್ಮ ಅಭಿಪ್ರಾಯ. ಓದುವುದೇ ಕಸುಬಾಗಿರುವ ಸಾಹಿತ್ಯಾಧ್ಯಾಪಕರ ಮುಂದೆ ಇದನ್ನು ಇಡುವುದು ಆ ಕಾರಣದಿಂದ ಅನುಚಿತವಾಗಲಾರದು.

ಇವರಿಗೆ ಹಿಂದಿನ ಮಾಲ್ಥಸನ ವಾದವೆಲ್ಲ ಭೂಮಿ ಮತ್ತು ಅನ್ನಗಳ ಮೇಲೆ ನಿಂತಿದ್ದಿತು. ೧೮೦೫ರಿಂದ ೧೮೩೪ರಲ್ಲಿ ತೀರಿಕೊಳ್ಳುವವರೆಗೂ ಆತನು ಈಸ್ಟ್ ಇಂಡಿಯಾ ಕಂಪೆನಿಯ ಹೇಲಿಬರಿ ಕಾಲೇಜಿನಲ್ಲಿ, ನಮ್ಮನ್ನಾಳಲು ಬರತಕ್ಕ ಅಧಿಕಾರಿಗಳಿಗೇ ಪಾಠ ಹೇಳಿದನೆಂಬುದನ್ನು ಮರೆಯಲಾಗದು. ಕೋಲ್ ಮತ್ತು ಹೂವರ್ ಅವರು ಹೊಲದಿಂದ ದೃಷ್ಟಿಯನ್ನು ತೆಗೆದು ಮನೆಯ ಆಯವ್ಯಯದ ಮೇಲಿಟ್ಟರು. ದುಡಿಯುವ ಕೈಗಳೆಷ್ಟು, ಉಣ್ಣುವ ಬಾಯಿಗಳೆಷ್ಟು, ಉಳಿತಾಯವೆಷ್ಟು ಎಂಬುದೇ ಅವರ ಪ್ರಶ್ನೆ. ಇದು ನಿಜವಾಗಿಯೂ ಹೊಸ ದಾರಿ.

ಲೆಕ್ಕದ ಕ್ರಮವು ಹೀಗಿದೆ. ೧೯೫೬ರಲ್ಲಿ ಭಾರತದ ಜನಸಂಖ್ಯೆಯನ್ನು ಸುಮಾರು ೩೮.೪ ಕೋಟಿಯೆಂದು ಹಿಡಿದು, ಮುಂದಿನ ಮೂವತ್ತು ವರ್ಷಗಳಿಗೆ ಮೂರು ಊಹೆಗಳನ್ನು ಮಾಡಿರುವರು. ಜನನಪ್ರಮಾಣವು ಇದ್ದಂತೆಯೇ ಇದ್ದರೆ ೧೯೮೬ರಲ್ಲಿ ೭೭.೫ ಕೋಟಿ, ೧೯೫೬ರಿಂದಲೇ ಇಳಿಯತೊಡಗಿ ೧೯೮೧ರ ವೇಳೆಗೆ ಅರ್ಧವಾದರೆ ೫೮.೯ ಕೋಟಿ. ಮೂರನೆಯ ಊಹೆಯಲ್ಲಿ ಇಳಿತವು ಹತ್ತು ವರ್ಷ ತಡವಾಗಿ ಮೊದಲಾಗುವುದು. ಮರಣಪ್ರಮಾಣದ ಇಳಿತ ಮಾತ್ರ ಮೂರಕ್ಕೂ ಒಂದೇ. ೧೯೫೬ರ ತಲಾ ವರಮಾನವನ್ನು ೧೦೦ ಎಂದೆಣಿಸಿದರೆ, ಮೊದಲನೆಯ ಪಕ್ಷದಲ್ಲಿ ಅದು ೧೩೮, ಎರಡನೆಯದರಲ್ಲಿ ೧೯೫. ಎಂದರೆ ಸುಮಾರು ನೂರಕ್ಕೆ ನಲವತ್ತರಷ್ಟು ಅಂತರ.

ಈ ಅಂತರವು ಎಲ್ಲಿಂದ ಬಂದಿತು? ಈಗಾಗಲೇ ಹುಟ್ಟಿದವರೇ ಮುಂದಿನ ಹದಿನೈದು ವರ್ಷ ದುಡಿಯತಕ್ಕವರು; ಅದುವರೆಗೆ ಮೂರು ಪಕ್ಷಗಳಲ್ಲಿಯೂ ದುಡಿಯುವವರ ಸಂಖ್ಯೆ ಒಂದೇ. ಕಡಮೆ ಮಕ್ಕಳು ಹುಟ್ಟಿದಲ್ಲಿ ಉಣ್ಣುವವರು ಮಾತ್ರ ಕಡಮೆಯಾಗುವರು. ಉಳಿದ ಹಣವು ಮೂಲಧನವಾಗುವುದು. ತರ್ಕವು ಸ್ವಚ್ಛವಾಗಿದೆ. ಆದರೆ ಫಲದ ಬಹುಭಾಗವು ಊಹೆಯಲ್ಲಿಯೇ ಅಡಗಿದ್ದಿತೆಂಬುದು ಸೂಕ್ಷ್ಮವಾಗಿ ನೋಡಿದವರಿಗೆ ಗೋಚರವಾಗದಿರದು. ಸೈಮನ್ ಕುಜ್ನೆಟ್ಸ್ ಅವರು ೧೯೬೭ರಲ್ಲಿ ಅನೇಕ ದೇಶಗಳ ಅಂಕಿಗಳನ್ನು ಹೋಲಿಸಿ ನೋಡಿದಾಗ, ಜನವೃದ್ಧಿಯು ಹೆಚ್ಚಾದಲ್ಲಿ ತಲಾ ವರಮಾನದ ಏರಿಕೆಯು ತಗ್ಗುವುದೆಂಬ ನಿಯಮವು ಸ್ಪಷ್ಟವಾಗಿ ಕಾಣಿಸಲಿಲ್ಲ.

ಗ್ರಂಥದ ನಿಜವಾದ ದೋಷವು ಬೇರೆಡೆ ಇದೆ. ಮಕ್ಕಳ ವಿದ್ಯೆಗೂ ಆರೋಗ್ಯಕ್ಕೂ ಆಗುವ ವೆಚ್ಚವನ್ನು ಗ್ರಂಥಕರ್ತರು ಬಹುಮಟ್ಟಿಗೆ ಉತ್ಪಾದನೆಯಿಂದ ಆಚೆಗೆ ಸರಿದ ಹಣವೆಂದು ಬಗೆದಿರುವರು. ಮೂವತ್ತು ವರ್ಷಗಳೊಳಗೆ ಅದರ ಫಲವು ಸ್ವಲ್ಪವೆಂಬುದು ಅವರ ಎಣಿಕೆ. ಕೇರಳದ ಅನುಭವವು ಇದಕ್ಕೆ ವಿರುದ್ಧವಾಯಿತು. ದೇಶದ ಸರಾಸರಿಗಿಂತ ತಲಾ ವರಮಾನವು ಮೇಲಿರದಿದ್ದ ಆ ನಾಡಿನಲ್ಲಿ, ೧೯೮೦ರ ದಶಕದ ಕೊನೆಗೆ ತಾಯಿಯೊಬ್ಬಳಿಗೆ ಎರಡು ಮಕ್ಕಳೆಂಬ ಮಟ್ಟವು ಬಂದಿತು; ಹೆಣ್ಣುಮಕ್ಕಳ ವಿದ್ಯಾಭ್ಯಾಸವು ಅದಕ್ಕೆ ಮುಖ್ಯ ಕಾರಣಗಳಲ್ಲೊಂದೆಂಬುದು ಈಗ ವಿದ್ವಾಂಸರಲ್ಲಿ ಬಹುಮಾನ್ಯವಾದ ಮತ. ಯಾವುದನ್ನು ಕೋಷ್ಟಕವು ಜನವೃದ್ಧಿಯ ಹೊರೆಯೆಂದು ಬರೆದುಕೊಂಡಿತೋ ಅದೇ ಜನವೃದ್ಧಿಯನ್ನು ತಗ್ಗಿಸಿತು.

ಇನ್ನು ಓದುಗರ ಅಪರಾಧ. ನಮ್ಮ ವ್ಯಾಕರಣದಲ್ಲಿ ‘ಇಳಿದರೆ’ ಎಂಬ ರೂಪವು ಪಕ್ಷಾರ್ಥಕ. ಕೋಲ್ ಮತ್ತು ಹೂವರ್ ಅವರ ವಾಕ್ಯಗಳೆಲ್ಲವೂ ಈ ರೂಪದವೇ: ಹೀಗಾದರೆ ಹೀಗೆ. ಆ ಪಕ್ಷಾರ್ಥಕವು ಕೈಯಿಂದ ಕೈಗೆ ದಾಟುತ್ತ ವಿಧ್ಯರ್ಥವಾಗಿ ಮಾರ್ಪಟ್ಟಿತು. ‘ಇಳಿದರೆ’ ಎಂಬುದು ‘ಇಳಿಸತಕ್ಕದ್ದು’ ಎಂದಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬–೭೭ರ ಒಂದೇ ವರ್ಷದಲ್ಲಿ, ೮೦ ಲಕ್ಷಕ್ಕೂ ಮಿಕ್ಕು ಸಂತಾನಶಕ್ತಿಹರಣ ಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಬಲಾತ್ಕಾರದವು. ಇದಕ್ಕೆ ಗ್ರಂಥವೊಂದನ್ನೇ ಹೊಣೆಮಾಡುವುದು ಅನ್ಯಾಯ. ಬಲಾತ್ಕಾರವು ಅದರ ತರ್ಕದಿಂದ ಹುಟ್ಟತಕ್ಕದ್ದಲ್ಲ. ಆದರೆ ಜನರನ್ನು ಹೊರೆಯೆಂದೆಣಿಸುವ ಭಾಷೆಗೆ ಅಂಕಿಗಳ ಗೌರವವು ದೊರೆತುದು ಇಂತಹ ಕೋಷ್ಟಕಗಳಿಂದಲೇ. ಮೈಸೂರು ಸಂಸ್ಥಾನವು ಯಾವ ಕೋಷ್ಟಕಕ್ಕೂ ಕಾಯದೆ ೧೯೩೦ರಲ್ಲಿಯೇ ಸಂತಾನನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆಯಲುದ್ಯುಕ್ತವಾಗಿದ್ದಿತು. ಬೇಕೆಂದವರು ಬಂದು ಸಲಹೆ ಪಡೆಯುವ ಕ್ರಮವದು.

ಭವಿಷ್ಯವು ಎಷ್ಟರಮಟ್ಟಿಗೆ ಫಲಿಸಿತು? ೧೯೮೧ರ ಜನಗಣತಿಯಲ್ಲಿ ಸುಮಾರು ೬೮ ಕೋಟಿ, ೧೯೯೧ರದರಲ್ಲಿ ಸುಮಾರು ೮೪.೬ ಕೋಟಿ, ನಡುವಣ ೧೯೮೬ರಲ್ಲಿ ದೇಶವು ಗ್ರಂಥದ ಅತ್ಯಧಿಕ ಊಹೆಯ ಸಮೀಪಕ್ಕೇ ಬಂದಿದ್ದಿತು. ತಲೆಗಳ ಎಣಿಕೆಯಲ್ಲಿ ಗ್ರಂಥಕರ್ತರು ಸಮರ್ಥರೇ ಸರಿ. ವಯಸ್ಸಿನ ಹಂಚಿಕೆಯೇ ಮುಖ್ಯವೆಂಬ ಅವರ ಮೂಲಸೂತ್ರವೂ ಇಂದಿಗೆ ನಿಂತಿದೆ; ೧೯೯೮ರಲ್ಲಿ ಬ್ಲೂಮ್ ಮತ್ತು ವಿಲಿಯಮ್‌ಸನ್ ಅವರು ಪೂರ್ವ ಏಷ್ಯದ ಏಳಿಗೆಯನ್ನು ವಿವರಿಸಿದುದು ಈ ಸೂತ್ರದಿಂದಲೇ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾಯಿಯೊಬ್ಬಳಿಗೆ ಮಕ್ಕಳ ಸಂಖ್ಯೆಯು ಭಾರತದಲ್ಲಿ ೨.೦, ಕರ್ನಾಟಕದಲ್ಲಿ ೧.೭. ಕೋಲ್ ಮತ್ತು ಹೂವರ್ ಅವರು ತೊಟ್ಟಿಲ ಕಡೆಯಿಂದ ಎಣಿಸಿದ ಅವಲಂಬಿಗಳನ್ನು ಇನ್ನು ವೃದ್ಧರ ಕಡೆಯಿಂದ ಎಣಿಸಬೇಕಾಗುವುದು. ಆ ಲೆಕ್ಕಕ್ಕೆ ಅವರ ಕೋಷ್ಟಕಗಳಲ್ಲಿ ಸ್ಥಳವಿಲ್ಲ.