ಬಾಣಭಟ್ಟನ ಅಲೆದಾಟ

ನಮ್ಮ ಪುರಾಣಕಥೆಗಳಲ್ಲಿ ಶೋಕಕ್ಕೆ ಒಂದು ರಾಜಮಾರ್ಗವಿದೆ. ಪ್ರಿಯರನ್ನು ಕಳೆದುಕೊಂಡವನು ಸಂಸಾರದ ಅಸಾರತೆಯನ್ನು ಕಂಡು, ಮನೆ ತೊರೆದು, ವಿರಾಗಿಯಾಗುತ್ತಾನೆ. ಆದರೆ ದುಃಖದಿಂದ ಮನೆ ಬಿಟ್ಟವರೆಲ್ಲ ವಿರಾಗಿಗಳಾಗುವುದಿಲ್ಲ. ಕೆಲವರು ಬರಿಯ ಅಲೆಮಾರಿಗಳಾಗುತ್ತಾರೆ. ಅಂಥವನೊಬ್ಬ ತನ್ನ ಕಥೆಯನ್ನು ತಾನೇ ಹೇಳಿಕೊಂಡಿದ್ದಾನೆ. ಅವನು 7ನೆಯ ಶತಮಾನದ ಗದ್ಯಕವಿ ಬಾಣಭಟ್ಟ.

ನಾಗವರ್ಮನ 'ಕರ್ಣಾಟಕ ಕಾದಂಬರಿ'ಯ ಮೂಲಕ ಬಾಣನನ್ನು ಬಲ್ಲ ಕನ್ನಡಿಗರಿಗೆ ಅವನ ಬಾಳಿನ ಪರಿಚಯ ಕಡಮೆ. ಅದು ದೊರೆಯುವುದು 'ಹರ್ಷಚರಿತ'ದ ಮೊದಲ ಭಾಗದಲ್ಲಿ. ಶೋಣನದಿಯ ದಡದ ಪ್ರೀತಿಕೂಟ ಅವನ ಊರು. ಎಳೆತನದಲ್ಲೇ ತಾಯಿ ರಾಜದೇವಿ ತೀರಿಕೊಂಡಳು. ತಂದೆ ಚಿತ್ರಭಾನು ತಾಯಿಯೂ ತಾನೇ ಆಗಿ ಸಾಕಿದ. ಮಗನಿಗೆ 14 ವರ್ಷವಾದಾಗ ಅವನೂ ಹೋದ.

ಹಗಲಿರುಳು ಬೆಂದೆನೆಂದು ಹೇಳುವ ಬಾಣ, ಶೋಕ ತಗ್ಗಿದ ಮೇಲೆ ಹರೆಯದ ಚಾಪಲ್ಯದಿಂದ ಅಲೆಮಾರಿಯಾದೆನೆನ್ನುತ್ತಾನೆ. ಹಿರಿಯರು ಗಳಿಸಿಟ್ಟ ಸಿರಿಯಿತ್ತು, ಮನೆಯಲ್ಲಿ ವಿದ್ಯೆಗೂ ಕೊರತೆಯಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ದೊಡ್ಡವರ ನಗೆಗೆ ಈಡಾದದ್ದನ್ನೂ ಒಪ್ಪುತ್ತಾನೆ. ಈ ಮಾತನ್ನೇ ನಂಬಿ ಇದನ್ನು ಪೋಲಿತನದ ವೃತ್ತಾಂತವೆಂದು ಓದಿ ಮುಂದೆ ಸಾಗುವುದುಂಟು. ನನಗೆ ಅದು ಸಮ್ಮತವಲ್ಲ. ಉಣ್ಣಲು ಉಡಲು ಇದ್ದ ಮನೆ ಏಕೆ ಬೇಡವಾಯಿತು? ಬಂಧುಗಳಿದ್ದರು, ನಿಜ, ತಾಯಿಯೂ ಆಗಿದ್ದ ತಂದೆಯ ಜಾಗ ಬಂಧುಗಳಿಂದ ತುಂಬುವಂಥದಲ್ಲ.

ಅವನ ಜೊತೆಗಾರರ ಪಟ್ಟಿಯನ್ನು ನೋಡಿ. ನಲವತ್ತಕ್ಕೂ ಹೆಚ್ಚು ಮಂದಿ! ದೇಶಭಾಷೆಯ ಕವಿ ಈಶಾನ, ಹಾವಿನ ವಿಷ ಇಳಿಸುವ ಮಯೂರಕ, ಮೃದಂಗದ ಜೀಮೂತ, ಜೂಜುಗಾರ ಆಖಂಡಲ, ಮೈಯೊತ್ತುವ ಕೇರಲಿಕೆ, ಜೈನ ಕ್ಷಪಣಕ ವೀರದೇವ, ಕಾವಿಯುಟ್ಟ ವಿಧವೆ ಚಕ್ರವಾಕಿಕೆ. (ಬಾಣನ ಸಮಾಸಗಳಿಗೆ ಹೆದರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಈ ಪಟ್ಟಿಯನ್ನೇ.) ವೈದಿಕ ಮನೆತನದ ಹುಡುಗನಿಗೆ ಇವರೆಲ್ಲ ಎಲ್ಲಿಯ ನಂಟರು? ಆದರೆ ಎಲ್ಲರಿಗಿಂತ ಮೊದಲು ಬರುವ ಹೆಸರುಗಳು ಚಂದ್ರಸೇನ, ಮಾತೃಷೇಣ. ಇವರು ಶೂದ್ರ ಹೆಂಡತಿಯಲ್ಲಿ ಚಿತ್ರಭಾನುವಿಗೆ ಹುಟ್ಟಿದವರು, ಬಾಣನ ಸೋದರರು. ಮನೆ ಬಿಟ್ಟು ಹೊರಟವನು ಮೊದಲು ನೆನೆದದ್ದು ಸತ್ತ ತಂದೆಯ ಮಕ್ಕಳನ್ನು. ಬರಿಯ ಚಾಪಲ್ಯಕ್ಕೆ ಇಂಥ ನೆನಪಿರುವುದಿಲ್ಲ.

ಮುಂದೆ ಹರ್ಷಚಕ್ರವರ್ತಿ ಆಸ್ಥಾನದಲ್ಲಿ ಇವನನ್ನು ಭಾರಿ ವಿಟನೆಂದು ಹಂಗಿಸುತ್ತಾನೆ. ಬಾಣ ಕೊಡುವ ಉತ್ತರದಲ್ಲಿ ಕುಲವಿದೆ, ವೇದಾಧ್ಯಯನವಿದೆ, ಮದುವೆಯಿದೆ, ಹುಡುಗುತನದ ತಪ್ಪಿನ ಒಪ್ಪಿಗೆಯೂ ಇದೆ. ತಬ್ಬಲಿತನದ ಮಾತು ಮಾತ್ರ ಇಲ್ಲ. ಅರಸನ ಮುಂದೆ ದುಃಖವನ್ನು ನೆಪವಾಗಿ ಒಡ್ಡದ ಈ ಬಿಗುಮಾನವನ್ನು ನಾನು ಅವನ ಅಲಂಕಾರಗಳೆಲ್ಲಕ್ಕಿಂತ ಮೇಲೆಂದು ಎಣಿಸುತ್ತೇನೆ.

ಆಡದೆ ಉಳಿದದ್ದು 'ಕಾದಂಬರಿ'ಯಲ್ಲಿ ಗಿಳಿಯ ಬಾಯಿಗೆ ಬಂದಿದೆ. ವಿಂಧ್ಯಾಟವಿಯ ಬೂರುಗದ ಮರದಲ್ಲಿ ಹುಟ್ಟಿದ ಆ ಮರಿಗೂ ತಾಯಿಯಿಲ್ಲ, ಹೆರಿಗೆಯಲ್ಲೇ ಸತ್ತಿದ್ದಾಳೆ. ಮುದಿ ತಂದೆ ಗುಟುಕು ಕೊಟ್ಟು ಸಾಕುತ್ತದೆ. ಬೇಡ ಮರ ಹತ್ತಿದಾಗ ರೆಕ್ಕೆಯೊಳಗೆ ಮರಿಯನ್ನು ಅಡಗಿಸಿಕೊಂಡೇ ಸಾಯುತ್ತದೆ. ಹೆಣದೊಡನೆ ತರಗೆಲೆಗಳ ಮೇಲೆ ಬಿದ್ದ ಮರಿ, ಸಾಕಿದ ತಂದೆ ಸತ್ತರೂ ತನಗೆ ಬದುಕುವ ಆಸೆ ಹೋಗಲಿಲ್ಲವಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತದೆ. ಆದರೂ ಬಾಯಾರಿಕೆ ತಾಳಲಾರದೆ ನೀರಿರುವ ಕಡೆಗೆ ತೆವಳುತ್ತದೆ.