ಮೇಲ್ ಸರ್ವರಿಗೆ 777 ಮದ್ದಲ್ಲ

ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಕಂಡ ಕೂಡಲೇ ಬಹಳಷ್ಟು ಅಡ್ಮಿನ್‌ಗಳ ಕೈ ಚ್‌ಮೋಡ್ 777ರ ಕಡೆಗೆ ಹೋಗುತ್ತದೆ. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು ಮೊದಲು ಮೇಲ್ ಓಡಲಿ, ಭದ್ರತೆ ಆಮೇಲೆ ನೋಡೋಣ ಎಂಬುದು ವಾದ. ಇದನ್ನು ಬೇಡವೆನ್ನುವವರೂ ಭದ್ರತೆಯ ಮಾತನ್ನಷ್ಟೇ ಆಡುತ್ತಾರೆ. ಹಾಗಾಗಿ ‘ಅಪಾಯ ಹೌದು, ಆದರೆ ಕೆಲಸವಂತೂ ಆಗುತ್ತದೆ’ ಎಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆ. ನನ್ನ ತಕರಾರು ಇದರ ಮೇಲೆಯೇ. ಮೇಲ್ ಸರ್ವರಿನಲ್ಲಿ 777 ಕೆಲಸವನ್ನೇ ಕೆಡಿಸುತ್ತದೆ.

ಒಡೆತನ ಬೇರೆ, ಅನುಮತಿ ಬೇರೆ ಎಂಬುದನ್ನು ಕರಾವಳಿ ಕರ್ನಾಟಕದ ಕೆರಾಡಿ ಕಡೆಯ ಕೃಷಿಕರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕುಮ್ಕಿ ಜಾಗ ಸರ್ಕಾರದ್ದು. ಪಕ್ಕದ ಕದೀಂ ವರ್ಗದಾರರು, ಅಂದರೆ ಹಳೆಯ ಹಿಡುವಳಿದಾರರು, ತಮ್ಮ ಜಮೀನಿನಿಂದ ನೂರು ಗಜದೊಳಗೆ ಸೊಪ್ಪು, ಕಟ್ಟಿಗೆ ತರಬಹುದು, ದನ ಮೇಯಿಸಬಹುದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟದ್ದು ಈ ಸವಲತ್ತನ್ನು, ಒಡೆತನವನ್ನಲ್ಲ. ತಂಟೆ ಬಂದರೆ ಮೊದಲ ಪ್ರಶ್ನೆ, ಬಳಸುತ್ತಿರುವವರು ಯಾರು, ಯಾವ ವರ್ಗದ ಹಕ್ಕಿನಲ್ಲಿ ಎಂಬುದು. ಸರ್ವರಿನಲ್ಲೂ ಮೊದಲು ಕೇಳಬೇಕಾದ್ದು ಅದನ್ನೇ: ಕಡತ ಮುಟ್ಟಲು ಹೋದ ಪ್ರೋಗ್ರಾಂ ಯಾರ ಹೆಸರಿನಲ್ಲಿ ಓಡುತ್ತಿತ್ತು?

ಐಬಿಎಂನಲ್ಲಿದ್ದಾಗ ವೀಟ್ಸೆ ವೆನೆಮಾ ಬರೆದ ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ 1998ರಲ್ಲಿ ಹೊರಬಂತು. ಒಂದೇ ದೊಡ್ಡ ಪ್ರೋಗ್ರಾಂಗೆ ರೂಟ್ ಅಧಿಕಾರವನ್ನೆಲ್ಲ ಕೊಡುವ ಬದಲು ಅವರು ಕೆಲಸವನ್ನು ಸಣ್ಣ ಸಣ್ಣ ಪ್ರೋಗ್ರಾಂಗಳಿಗೆ ಹಂಚಿದರು. ಹಾಗಾಗಿ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆಗೆ ತೂಕ ಹೆಚ್ಚಿತು. ಇಲ್ಲಿ ಅನುಮತಿಯ ಬಿಟ್‌ಗಳು ಬರೀ ಬೇಲಿಯಲ್ಲ, ಸುದ್ದಿ ಮುಟ್ಟಿಸುವ ಗುರುತುಗಳೂ ಹೌದು. ಕ್ಯೂನಲ್ಲಿ ಬರೆಯುತ್ತಿರುವಾಗ ಪತ್ರದ ಕಡತದ ಮೋಡ್ 600. ಬರೆದು ಮುಗಿದ ಮೇಲೆ 700. ಆ ಎಕ್ಸಿಕ್ಯೂಟ್ ಬಿಟ್ ಕಂಡರೆ ಮಾತ್ರ ಕ್ಯೂ ಮ್ಯಾನೇಜರ್ ಪತ್ರವನ್ನು ಕೈಗೆತ್ತಿಕೊಳ್ಳುತ್ತದೆ. ಇಡೀ ಕ್ಯೂ ಮೇಲೆ 777 ಹೊಡೆದರೆ ಅರೆಬರೆ ಕಡತಕ್ಕೂ ‘ಸಿದ್ಧ’ ಎಂಬ ಗುರುತು ಬೀಳುತ್ತದೆ. ಗಾಬರಿಯಾಗಿ ಕಡತಗಳಿಗೆಲ್ಲ 644 ಹಾಕಿದರೆ ಪೂರ್ತಿಯಾದ ಪತ್ರಗಳೂ ಅಲ್ಲೇ ಕೂರುತ್ತವೆ, ಯಾರೂ ಮುಟ್ಟುವುದಿಲ್ಲ. ‘ಆಮೇಲೆ ಬಿಗಿ ಮಾಡೋಣ’ ಎಂಬ ವಾದ ಬೀಳುವುದು ಇಲ್ಲಿಯೇ. ‘ಪೋಸ್ಟ್‌ಫಿಕ್ಸ್ ಸೆಟ್-ಪರ್ಮಿಷನ್ಸ್’ ಎಂಬ ಆದೇಶ ಡೈರೆಕ್ಟರಿಗಳ, ಪ್ರೋಗ್ರಾಂಗಳ ಒಡೆತನವನ್ನು ಸರಿಪಡಿಸೀತು. ಯಾವ ಪತ್ರ ಪೂರ್ತಿಯಾಗಿತ್ತು, ಯಾವುದು ಆಗಿರಲಿಲ್ಲ ಎಂಬ ಅಳಿಸಿಹೋದ ಗುರುತನ್ನು ಅದು ಎಲ್ಲಿಂದ ತಂದೀತು?

ಬೇರೆ ಪ್ರೋಗ್ರಾಂಗಳೂ ಸಲಿಗೆಯನ್ನು ಒಪ್ಪುವುದಿಲ್ಲ. ಸಹಿ ಹಾಕುವ ಕೀಲಿಯನ್ನು ಬೇರೆಯವರು ಓದುವಂತಿದ್ದರೆ ಓಪನ್‌ಡಿಕಿಮ್ ಅದನ್ನು ಬಳಸಲು ಒಪ್ಪದು. ಯಾರು ಬೇಕಾದರೂ ತಿದ್ದಬಹುದಾದ ಫಾರ್ವರ್ಡ್ ಕಡತವನ್ನು ಪೋಸ್ಟ್‌ಫಿಕ್ಸ್ ನಂಬದು. ಸೆಂಡ್‌ಮೇಲ್ ಇಂಥ ತಪಾಸಣೆಗಳನ್ನು ಸಡಿಲಿಸಲು ಕೊಟ್ಟ ಆಯ್ಕೆಯ ಹೆಸರೇ ‘ಡೋಂಟ್‌ಬ್ಲೇಮ್‌ಸೆಂಡ್‌ಮೇಲ್’. ಬರೆದವರ ಎಚ್ಚರಿಕೆ ಅದರಲ್ಲೇ ಇದೆ.

ಹಾಗಾದರೆ ದಾರಿ ಯಾವುದು? ಲಾಗನ್ನು ಕೊನೆಯವರೆಗೆ ಓದುವುದು. ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಈ ವಿಷಯದಲ್ಲಿ ಬಹಳ ಉಪಕಾರಿ. ಯಾವ ಯುಐಡಿಯಲ್ಲಿ (ಬಳಕೆದಾರರ ಸಂಖ್ಯೆಯಲ್ಲಿ) ಓಡುತ್ತಿದ್ದೆ, ಯಾವ ಡೈರೆಕ್ಟರಿಯಲ್ಲಿ ಯಾವ ಬಿಟ್ ಇಲ್ಲ, ಅದರ ಒಡೆಯ ಯಾರು ಎಂದು ಅದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಅರ್ಧ ಓದಿ ಚ್‌ಮೋಡ್‌ಗೆ ಓಡುವವರಿಗೆ ಅದು ಕಾಣುವುದೇ ಇಲ್ಲ. ಎಷ್ಟೋ ಸಲ ಮೇಲ್‌ಬಾಕ್ಸ್ ಸರಿಯಾಗಿಯೇ ಇರುತ್ತದೆ, ಮೇಲಿನ ಯಾವುದೋ ಡೈರೆಕ್ಟರಿ ದಾಟಲು ಎಕ್ಸಿಕ್ಯೂಟ್ ಬಿಟ್ ಇರುವುದಿಲ್ಲ. ‘ನೇಮ್‌ಐ -ಎಲ್’ ಕೊಟ್ಟರೆ ದಾರಿಯುದ್ದದ ಅನುಮತಿಗಳು ಸಾಲಾಗಿ ಕಾಣುತ್ತವೆ. ಹೊಸ ಯಂತ್ರಕ್ಕೆ ಸಾಗಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅನುಮಾನ ಹೋಗಬೇಕಾದ್ದು ಒಡೆತನದ ಮೇಲೆ. ಡಿಸ್ಕಿನಲ್ಲಿ ಉಳಿಯುವುದು ಒಡೆಯನ ಹೆಸರಲ್ಲ, ಯುಐಡಿ ಸಂಖ್ಯೆ. ಹಳೆಯದರಲ್ಲಿ ವಿಮೇಲ್ ಎಂಬ ಬಳಕೆದಾರನದಾಗಿದ್ದ 5000 ಹೊಸದರಲ್ಲಿ ಬೇರೆ ಯಾರದೋ ಆಗಿರಬಹುದು. ಅಲ್ಲಿ ಬೇಕಾದ್ದು ಚೌನ್, ಅದೂ ಮೇಲ್‌ಬಾಕ್ಸ್‌ಗಳ ಮೇಲೆ ಮಾತ್ರ. ಮೋಡ್, ಒಡೆತನ ಎರಡೂ ಸರಿಯಿದ್ದು ಆಗಲೂ ‘ಡಿನೈಡ್’ ಬಂದರೆ ತಡೆದದ್ದು ಇವೆರಡರ ಮೇಲಿನ ಇನ್ನೊಂದು ಭದ್ರತಾ ಪದರವಾದ ಎಸ್ಇಲಿನಕ್ಸ್ ಇರಬಹುದು. ಹಾಗಿದ್ದರೆ ಆಡಿಟ್ ಲಾಗ್‌ನಲ್ಲಿ ಸಾಮಾನ್ಯವಾಗಿ ಅದರ ದಾಖಲೆ ಸಿಗುತ್ತದೆ. ಕಡತದ ಎಸ್ಇಲಿನಕ್ಸ್ ಲೇಬಲ್ ತಪ್ಪಿದ್ದರೆ ‘ರೆಸ್ಟೋರ್‌ಕಾನ್’ ಬೇಕು, ಎಷ್ಟು ಸಲ 777 ಕೊಟ್ಟರೂ ಆ ಲೇಬಲ್ ಬದಲಾಗುವುದಿಲ್ಲ.